ಚೆಫಲೂ: ಯಾವ ಹೊತ್ತಿಗೆ ಯಾವ ಮೂಲೆ?

ಇಟಲಿಯ ಸಿಸಿಲಿ ದ್ವೀಪಕ್ಕೆ ಹೊರಟವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಪಲೆರ್ಮೊದಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬಂದುಬಿಟ್ಟರೆ ಚೆಫಲೂ ಮುಗಿಯುತ್ತಾ?’ ಮುಗಿಯುತ್ತದೆ. ಹಳೇ ಊರಿನ ಈ ತುದಿಯಿಂದ ಆ ತುದಿಗೆ ನಡೆಯಲು ಕಾಲು ಗಂಟೆ ಸಾಕು. ಆದರೆ ಹಾಗೆ ಹೋದವರು ಹನ್ನೊಂದು ಗಂಟೆಗೆ ರೈಲು ಇಳಿದು, ಸುಡು ಬಿಸಿಲಲ್ಲಿ ಬೆಟ್ಟ ಹತ್ತಿ, ಬೆವರು ಒರೆಸಿಕೊಂಡು ಕೆಳಗೆ ಬರುವಷ್ಟರಲ್ಲಿ ಅಂಗಡಿ ಮುಂಗಟ್ಟೆಲ್ಲ ಮುಚ್ಚಿರುತ್ತದೆ. ಮೊದಲ ಸಲ ನಾನೂ ಮಾಡಿದ್ದು ಅದನ್ನೇ. ಈ ಊರಿನಲ್ಲಿ ದಾರಿ ತಪ್ಪುವವರು ಯಾರೂ ಇಲ್ಲ. ತಪ್ಪುವುದು ಹೊತ್ತಿನ ಲೆಕ್ಕ. ಆದ್ದರಿಂದ ಜಾಗಗಳ ಪಟ್ಟಿ ಕೊಡುವ ಬದಲು ಬೆಳಗಿನಿಂದ ರಾತ್ರಿಯವರೆಗೆ ಕ್ರಮವಾಗಿ ಹೇಳುತ್ತೇನೆ.

ಮೊದಲು ಊರಿನ ದಿಕ್ಕು ತಲೆಯಲ್ಲಿರಲಿ. ಸಿಸಿಲಿಯ ಉತ್ತರ ಕರಾವಳಿ. ಪಲೆರ್ಮೊದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್. ಊರಿನ ಬೆನ್ನಿಗೆ, ಪೂರ್ವದ ಕಡೆ, 270 ಮೀಟರ್ ಎತ್ತರದ ಒಂಟಿ ಸುಣ್ಣಕಲ್ಲಿನ ಬಂಡೆ. ಅದರ ಬುಡದಲ್ಲಿ ಚರ್ಚು, ಚರ್ಚಿನ ಮುಂದೆ ಗಲ್ಲಿಗಳು, ಗಲ್ಲಿಗಳ ಕೊನೆಗೆ ಕಡಲು. ಗ್ರೀಕರು ಇದನ್ನು ಕೆಫಲೊಯ್ದಿಯೊನ್ ಎಂದು ಕರೆದರು. ಕೆಫಲೆ ಎಂದರೆ ತಲೆ. ಬಂಡೆಯ ಆಕಾರ ನೋಡಿ ಇಟ್ಟ ಹೆಸರು. ಈಗಿನ ಹೆಸರನ್ನು ಹೇಳುವಾಗ ಒತ್ತು ಕೊನೆಯ ‘ಲೂ’ ಮೇಲೆ ಬೀಳಬೇಕು, ಟಿಕೆಟ್ ಕೌಂಟರಿನಲ್ಲಿ ಅನುಕೂಲವಾಗುತ್ತದೆ.

ಹಂತ 1: ತಿಂಗಳು ಆರಿಸಿ, ಕನಿಷ್ಠ ಒಂದು ರಾತ್ರಿ ಉಳಿಯಿರಿ

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ಹೋಗಿ. ಎರಡರಲ್ಲಿ ನನ್ನ ಓಟು ಸೆಪ್ಟೆಂಬರಿಗೆ: ಬೇಸಿಗೆಯಿಡೀ ಕಾದ ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಖಾಲಿಯಾಗಿರುತ್ತಾರೆ. ಆಗಸ್ಟ್ 15ರ ಫೆರಾಗೋಸ್ತೊ ಇಟಲಿಯವರ ದೊಡ್ಡ ರಜೆ. ಅದರ ಹಿಂದುಮುಂದಿನ ವಾರಗಳಲ್ಲಿ ಮರಳಿನ ಮೇಲೆ ಟವಲ್ ಹಾಸಲೂ ಜಾಗ ಸಿಗದು, ರೂಮಿನ ಬೆಲೆ ಕೇಳುವುದೇ ಬೇಡ.

ಆಗಸ್ಟಿನಲ್ಲೇ ಹೋಗಬೇಕಾಗಿ ಬಂದರೆ 2ರಿಂದ 6ನೇ ತಾರೀಕಿನ ನಡುವೆ ಹೋಗಿ. ಊರದೇವರಾದ ಸಾನ್ ಸಾಲ್ವತೋರೆಯ ಜಾತ್ರೆ ಆಗ. ಕೊನೆಯ ದಿನ ‘ಎಂತಿನ್ನ ಆ ಮಾರಿ’ ಎಂಬ ಆಟ ನಡೆಯುತ್ತದೆ. ನಮ್ಮ ಜಾರುಗಂಬ ಗೊತ್ತಲ್ಲ, ಅದನ್ನೇ ಕಡಲಿನ ಮೇಲೆ ಅಡ್ಡಡ್ಡ ಚಾಚಿ ಸೋಪು ಬಳಿದಂತೆ. ತುದಿಯಲ್ಲಿರುವ ಬಾವುಟ ಹಿಡಿಯಲು ಹೊರಟ ಹುಡುಗರು ಒಬ್ಬರಾದ ಮೇಲೊಬ್ಬರು ನೀರಿಗೆ ಬೀಳುತ್ತಾರೆ.

ನವೆಂಬರಿನಿಂದ ಮಾರ್ಚ್‌ವರೆಗೆ ಹಲವು ಹೋಟೆಲುಗಳಿಗೆ ಬೀಗ. ಚರ್ಚಿಗಾಗಿ ಮಾತ್ರ ಹೋಗುವವರಿಗೆ ಅದೂ ಅಡ್ಡಿಯಿಲ್ಲ.

ಹಂತ 2: ತಲುಪುವುದು

ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು ಹದಿನೈದು ದಿನ. ಗಡುವು ನಂಬಿ ಕೂರಬೇಡಿ, ಬೇಸಿಗೆಯಲ್ಲಿ ಅರ್ಜಿ ಕೊಡುವ ದಿನಾಂಕ ಸಿಗುವುದೇ ತಡ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಯುರೋಪಿನಲ್ಲೇ ನೆಲೆಸಿದ ಕನ್ನಡಿಗರು ಈ ಪ್ಯಾರಾ ಹಾರಿಸಿ.

ರೋಮ್ ಅಥವಾ ಮಿಲಾನಿನಲ್ಲಿ ವಿಮಾನ ಬದಲಿಸಿ ಪಲೆರ್ಮೊಗೆ ಬನ್ನಿ. ವಿಮಾನ ನಿಲ್ದಾಣ ಊರಿನ ಪಶ್ಚಿಮಕ್ಕೆ 35 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ರೈಲಿನಲ್ಲಿ ಪಲೆರ್ಮೊ ಚೆಂತ್ರಾಲೆ, ಅಲ್ಲಿ ಬದಲಿಸಿದರೆ ಸುಮಾರು ಒಂದು ಗಂಟೆಯಲ್ಲಿ ಚೆಫಲೂ. ಸಮಯವಿದ್ದರೆ, ಮಕ್ಕಳೂ ಜೊತೆಗಿದ್ದರೆ, ರೋಮಿನಿಂದ ಪಲೆರ್ಮೊ ಕಡೆಗೆ ಹೋಗುವ ನೇರ ರೈಲು ಹಿಡಿಯಿರಿ. ಮೆಸ್ಸೀನಾ ಜಲಸಂಧಿಯ ದಡದಲ್ಲಿ ಬೋಗಿಗಳನ್ನು ತುಂಡು ತುಂಡಾಗಿ ಹಡಗಿನ ಹೊಟ್ಟೆಗೆ ತಳ್ಳಿ ಆಚೆ ದಡಕ್ಕೆ ಸಾಗಿಸುತ್ತಾರೆ. ಆ ಹೊತ್ತಿನಲ್ಲಿ ನೀವು ಡೆಕ್ಕಿಗೆ ಹೋಗಿ ಗಾಳಿ ಕುಡಿಯಬಹುದು.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಒಂದು, ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಚಿಕ್ಕ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಇದಕ್ಕೆ ಕೊನ್ವಾಲಿದಾ ಎನ್ನುತ್ತಾರೆ. ಮುದ್ರೆಯಿಲ್ಲದ ಟಿಕೆಟ್, ದುಡ್ಡು ಕೊಟ್ಟು ಕೊಂಡದ್ದಾದರೂ, ಟಿಕೆಟ್ಟೇ ಅಲ್ಲ, ದಂಡ ಬೀಳುತ್ತದೆ. ಮೊಬೈಲಿನಲ್ಲಿ ಕೊಂಡಿದ್ದರೆ ಹತ್ತುವ ಮುನ್ನ ಅದರಲ್ಲೇ ಚೆಕ್-ಇನ್ ಮಾಡಬೇಕು. ಎರಡು, ನಿಲ್ದಾಣದ ಫಲಕದಲ್ಲಿ ‘ಶೊಪೆರೊ’ ಎಂಬ ಪದ ಕಂಡರೆ ಅದು ಮುಷ್ಕರ. ಮೊದಲೇ ಘೋಷಿಸಿಯೇ ಮಾಡುತ್ತಾರೆ, ಹಿಂದಿನ ದಿನವೇ ನೋಡಿಕೊಳ್ಳಿ. ಮೂರು, ಬಾಡಿಗೆ ಕಾರು. ಹಳೇ ಊರಿನೊಳಗೆ ಹೊರಗಿನ ವಾಹನಗಳಿಗೆ ನಿರ್ಬಂಧವಿದೆ. ಅಂಥ ಪ್ರದೇಶವನ್ನು ಫಲಕಗಳಲ್ಲಿ ‘ಝೋನಾ ತ್ರಾಫಿಕೊ ಲಿಮಿತಾತೊ’ ಎಂದು ಬರೆದಿರುತ್ತದೆ. ಪೊಲೀಸರು ಅಡ್ಡ ಬರುವುದಿಲ್ಲ, ಕ್ಯಾಮೆರಾ ಫೋಟೋ ತೆಗೆಯುತ್ತದೆ, ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಚೆಫಲೂಗೆ ಕಾರು ಬೇಕಿಲ್ಲ. ರೈಲು ನಿಲ್ದಾಣದಿಂದ ಹಳೇ ಊರಿನ ಬಾಗಿಲಿಗೆ ಹತ್ತು ನಿಮಿಷದ ನಡಿಗೆ.

ಚಕ್ರದ ಸೂಟ್‌ಕೇಸಿನ ಬದಲು ಬೆನ್ನಿಗೆ ಹಾಕುವ ಚೀಲ ತನ್ನಿ. ಗಲ್ಲಿಗಳಿಗೆ ಕಲ್ಲು ಹಾಸಿದೆ, ಹಳೇ ಮನೆಗಳಲ್ಲಿ ಲಿಫ್ಟ್ ಅಪರೂಪ.

ಹಂತ 3: ಬೆಳಿಗ್ಗೆ ಮೊದಲು ರೊಕ್ಕಾ

ಬಂಡೆಯ ಹೆಸರು ಲಾ ರೊಕ್ಕಾ. ಉತ್ತರ ಕರ್ನಾಟಕದವರು ನಗಬೇಡಿ, ಇಲ್ಲಿ ಅದಕ್ಕೆ ಬಂಡೆಕೋಟೆ ಎಂದರ್ಥ. ಹತ್ತಲು ಒಂದಿಷ್ಟು ರೊಕ್ಕವೂ ಬೇಕು, ದಾರಿಯಲ್ಲಿ ಟಿಕೆಟ್ ಕಟ್ಟೆ ಇದೆ.

ಪಿಯಾತ್ಸಾ ಗರಿಬಾಲ್ದಿ ಎಂಬ ಚೌಕದ ಬಳಿಯಿಂದ ‘ಸಲೀತಾ ಸರಚೇನಿ’ ಎಂಬ ಮೆಟ್ಟಿಲುದಾರಿ ಶುರುವಾಗುತ್ತದೆ. ಇದು ಬಂಡೆಯ ಪಶ್ಚಿಮ ಮಗ್ಗುಲು. ಸೂರ್ಯ ಹಿಂದಿನಿಂದ ಬರುವುದರಿಂದ ಬೆಳಗಿನ ಹೊತ್ತು ದಾರಿಯ ಬಹುಭಾಗ ಬಂಡೆಯ ನೆರಳಿನಲ್ಲೇ ಇರುತ್ತದೆ. ಮಧ್ಯಾಹ್ನವಾದರೆ ಅದೇ ದಾರಿ ಕಾದ ಹೆಂಚು. ಬಾಗಿಲು ತೆರೆದ ಕೂಡಲೇ ಹತ್ತಿ ಎಂದು ನಾನು ಒತ್ತಿ ಹೇಳುವುದು ಈ ನೆರಳಿಗಾಗಿ.

ಅರ್ಧ ದಾರಿಯಲ್ಲಿ ದಿಯಾನಾ ದೇಗುಲ ಸಿಗುತ್ತದೆ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿದ ಗೋಡೆಗಳು. ಒಳಗಿರುವ ನೀರಿನ ತೊಟ್ಟಿ ಇನ್ನೂ ಹಳೆಯದು. ಗುಡಿಗಿಂತ ಮೊದಲು ಇಲ್ಲಿ ಪೂಜೆಗೊಂಡದ್ದು ನೀರು ಎಂಬ ಊಹೆಯಿದೆ. ಆಮೇಲೆ ಇದರ ಮೇಲೆಯೇ ಕ್ರೈಸ್ತರ ಚರ್ಚೂ ಎದ್ದಿತು. ಬಹಳಷ್ಟು ಜನ ಇಲ್ಲಿಗೆ ‘ಆಯ್ತು’ ಎಂದು ಇಳಿದುಬಿಡುತ್ತಾರೆ. ಮೊಣಕಾಲು ನೋವಿದ್ದವರು ಇಳಿಯಬಹುದು, ಊರು ಮತ್ತು ಕಡಲು ಇಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಉಳಿದವರು ತುದಿಗೆ ಹೋಗಿ. ಅಲ್ಲಿ ಕೋಟೆಯ ಬುಡಗೋಡೆಗಳಷ್ಟೇ ಉಳಿದಿವೆ, ಆದರೆ ಇಳಿಯುವಾಗ ಸಿಗುವ ಹಲ್ಲುಹಲ್ಲಿನ ಕೋಟೆಗೋಡೆಯ ಅಂಚಿನಿಂದ ನೇರ ಕೆಳಗೆ ಚರ್ಚಿನ ಎರಡು ಗೋಪುರಗಳು ಮಕ್ಕಳ ಆಟಿಕೆಯಂತೆ ಕಾಣುತ್ತವೆ. ಹತ್ತಿ ಇಳಿಯಲು ನಿಧಾನಕ್ಕೆ ಎರಡರಿಂದ ಎರಡೂವರೆ ಗಂಟೆ.

ಚಪ್ಪಲಿ ಬೇಡ. ಶತಮಾನಗಳಿಂದ ತುಳಿದು ನುಣುಪಾದ ಸುಣ್ಣಕಲ್ಲು, ಒಣಗಿದ್ದಾಗಲೂ ಜಾರುತ್ತದೆ. ಬಿಗಿಹಿಡಿತದ ಶೂ ಹಾಕಿ. ತಲಾ ಒಂದೂವರೆ ಲೀಟರ್ ನೀರು ಕೆಳಗಿನಿಂದಲೇ ಒಯ್ಯಿರಿ. ಮಳೆ ಅಥವಾ ಜೋರು ಗಾಳಿಯ ದಿನ ಬಾಗಿಲು ಮುಚ್ಚುತ್ತಾರೆ. ಬೇಲಿ ಹಾರುವ ಸಾಹಸ ಬೇಡ.

ಹಂತ 4: ಇಳಿದ ಮೇಲೆ ಚರ್ಚು

ಊರಿನ ಜನ ಒಂದು ಕಾಲಕ್ಕೆ ರೊಕ್ಕಾದ ಮೇಲೆಯೇ ಮನೆ ಮಾಡಿಕೊಂಡಿದ್ದರು. 1131ರಲ್ಲಿ ನಾರ್ಮನ್ ದೊರೆ ಎರಡನೇ ರೊಜೆರ್ ಕೆಳಗೆ ಈ ಕೆಥೆಡ್ರಲ್ ಕಟ್ಟಿಸಲು ಶುರುಮಾಡಿದ, ಊರೂ ಕೆಳಗಿಳಿಯಿತು. ಬಿರುಗಾಳಿಗೆ ಸಿಕ್ಕ ಅವನ ಹಡಗು ಈ ದಡ ಮುಟ್ಟಿತು, ಹೊತ್ತ ಹರಕೆ ತೀರಿಸಲು ಕಟ್ಟಿಸಿದ ಎಂದು ಊರಿನವರು ಹೇಳುವ ಕಥೆ. ರಾಜಕೀಯ ಲೆಕ್ಕಾಚಾರವೂ ಇದ್ದಿರಬೇಕು. ಹೊಸದಾಗಿ ಕಿರೀಟ ಧರಿಸಿದವನು ಕಡಲಿನಿಂದ ಬರುವವರಿಗೆಲ್ಲ ಕಾಣುವಂತೆ ಕೋಟೆಯಂಥ ಗೋಪುರ ನಿಲ್ಲಿಸಿದ್ದಾನೆ.

ಒಳಗೆ ಹೋದವರು ನೇರ ಕೊನೆಯವರೆಗೆ ನಡೆಯಿರಿ. ಅಲ್ಲಿ ಅರ್ಧ ಗುಮ್ಮಟದ ತುಂಬ ಬಂಗಾರದ ಹಿನ್ನೆಲೆಯಲ್ಲಿ ಯೇಸುವಿನ ಮುಖ. ಈ ಬಗೆಯ ಚಿತ್ರಕ್ಕೆ ಪಾಂತೊಕ್ರಾತೊರ್, ಅಂದರೆ ಎಲ್ಲವನ್ನೂ ಆಳುವವನು ಎಂದು ಹೆಸರು. ಗಾಜಿನ ಪುಟ್ಟ ಬಿಲ್ಲೆಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡಿದ ಮೊಸಾಯಿಕ್ ಕೆಲಸ ಇದು, 1148ರದ್ದು. ಬೈಝಂಟೈನ್, ಅಂದರೆ ಗ್ರೀಕ್ ನುಡಿಯ ಪೂರ್ವ ರೋಮನ್ ಸಾಮ್ರಾಜ್ಯದ ಚರ್ಚುಗಳಲ್ಲಿ ಈ ಮುಖ ನಡುವಿನ ಗುಮ್ಮಟದಲ್ಲಿ ಇರುವುದು ರೂಢಿ; ಇಲ್ಲಿ ಆ ನಡುಗುಮ್ಮಟವೇ ಇಲ್ಲ, ಹಾಗಾಗಿ ಕೊನೆಯ ಬಾಗುಗೋಡೆಗೆ ಬಂದು ಕೂತಿದೆ. ಕೈಯಲ್ಲಿ ಹಿಡಿದ ಪುಸ್ತಕ ನೋಡಿ: ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್. ‘ನಾನೇ ಲೋಕದ ಬೆಳಕು’ ಎಂಬ ಒಂದೇ ಮಾತು ಎರಡು ಭಾಷೆಯಲ್ಲಿ. ಈಗ ತಲೆಯೆತ್ತಿ ಮರದ ಮಾಡು ನೋಡಿ. ಅದರ ತೊಲೆಗಳ ಮೇಲಿನ ಬಣ್ಣದ ಚಿತ್ತಾರ ಅರಬ್ ಶೈಲಿಯದು. ನಾರ್ಮನ್ ದೊರೆ, ಗ್ರೀಕ್ ಮೊಸಾಯಿಕ್, ಅರಬ್ ಚಿತ್ತಾರ, ಮೂರೂ ಒಂದೇ ಸೂರಿನಡಿ. ಈ ಕಾರಣಕ್ಕೇ 2015ರಲ್ಲಿ ಯುನೆಸ್ಕೊ ಪಲೆರ್ಮೊ ಮತ್ತು ಅದರ ಪಕ್ಕದೂರು ಮೊನ್ರೆಯಾಲೆಯ ಕಟ್ಟಡಗಳ ಜೊತೆಗೆ ಇದನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೊನ್ರೆಯಾಲೆಯ ಚರ್ಚು ಇದಕ್ಕಿಂತ ದೊಡ್ಡದು, ಗೋಡೆ ಗೋಡೆಯೂ ಬಂಗಾರ. ನನಗೆ ಮಾತ್ರ ಇಲ್ಲಿಯದೇ ಹೆಚ್ಚು ಹಿಡಿಸಿತು, ಬರಿಗೋಡೆಯ ಕೊನೆಗೆ ಒಂದೇ ಮುಖ ಉರಿಯುತ್ತಿರುವುದರಿಂದ.

ರೊಜೆರ್ ತನ್ನ ಸಮಾಧಿಗೆಂದು ಕೆಂಗಲ್ಲಿನ ಎರಡು ಶವಪೆಟ್ಟಿಗೆಗಳನ್ನು ಇಲ್ಲಿ ಇರಿಸಿದ್ದ. ಮೊಮ್ಮಗ ಎರಡನೇ ಫ್ರೆಡರಿಕ್ ಅವನ್ನು 1215ರಲ್ಲಿ ಪಲೆರ್ಮೊಗೆ ಸಾಗಿಸಿಬಿಟ್ಟ. ಹಾಗಾಗಿ ರೊಜೆರನ ಗೋರಿ ಹುಡುಕಬೇಡಿ, ಇಲ್ಲಿ ಇಲ್ಲ.

ಗಮನಿಸಬೇಕಾದ್ದು: ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೆಟ್ಟ ಹತ್ತಿದ ಚಡ್ಡಿಯಲ್ಲೇ ಬಂದವರಿಗೆ ಚೀಲದಲ್ಲೊಂದು ಪಂಚೆಯೋ ದುಪಟ್ಟವೋ ಇದ್ದರೆ ಸಾಕು. ಪೂಜೆ ನಡೆಯುವಾಗ ಸುತ್ತಾಡಬೇಡಿ. ಮಧ್ಯಾಹ್ನ ಬಾಗಿಲು ಹಾಕುವುದುಂಟು, ಆದ್ದರಿಂದ ಹನ್ನೆರಡರೊಳಗೆ ಒಳಗಿರಿ. ಗೋಪುರ ಮತ್ತು ಕಂಬಸಾಲಿನ ಅಂಗಳಕ್ಕೆ ಬೇರೆ ಟಿಕೆಟ್. ಅಂಗಳಕ್ಕೆ ಕೊಡಿ, ಜೋಡಿಕಂಬಗಳ ತಲೆಯ ಕೆತ್ತನೆ ನೋಡುವಂಥದ್ದು. ಗೋಪುರ, ರೊಕ್ಕಾ ಹತ್ತಿದವರಿಗೆ ಬೇಕಿಲ್ಲ. ಮುಂಭಾಗದ ಫೋಟೋಗೆ ಬೆಳಿಗ್ಗೆ ಒದ್ದಾಡಬೇಡಿ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆಯ ಬಿಸಿಲಿಗೆ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಹಂತ 5: ಊಟ, ಸಸ್ಯಾಹಾರಿಗಳು ಗಮನವಿಟ್ಟು ಓದಿ

ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮಲಗುತ್ತವೆ. ಊಟ ಎರಡೂವರೆಯೊಳಗೆ ಮುಗಿಸದಿದ್ದರೆ ಅಡುಗೆಮನೆ ಮುಚ್ಚಿ, ರಾತ್ರಿ ಏಳೂವರೆಗೇ ಮತ್ತೆ ತೆರೆಯುವುದು.

ಸಿಸಿಲಿ ಸಸ್ಯಾಹಾರಿಗಳಿಗೆ ಕಷ್ಟದ ಜಾಗವಲ್ಲ. ಕಪೊನಾತಾ ಎಂದರೆ ಬದನೆಕಾಯಿಯ ಹುಳಿಸಿಹಿ ಪಲ್ಯ. ತಣ್ಣಗೆ ಬಡಿಸುತ್ತಾರೆ, ಗೊಜ್ಜು ತಿಂದು ಬೆಳೆದ ನಾಲಿಗೆಗೆ ಅಪರಿಚಿತವಲ್ಲ. ಪಾಸ್ತಾ ಅಲ್ಲಾ ನೋರ್ಮಾದಲ್ಲಿ ಕರಿದ ಬದನೆ, ಟೊಮೆಟೊ, ಉಪ್ಪುಗಟ್ಟಿದ ರಿಕೊತ್ತಾ ಚೀಸು. ಪನೆಲ್ಲೆ ಎಂದರೆ ಕಡಲೆಹಿಟ್ಟು ಕಾಯಿಸಿ, ಹರಡಿ, ಕತ್ತರಿಸಿ ಕರಿದ ಬಿಲ್ಲೆ. ಬ್ರೆಡ್ಡಿನ ನಡುವೆ ಇಟ್ಟು ನಿಂಬೆ ಹಿಂಡಿ ಕೊಡುತ್ತಾರೆ.

ಮೋಸ ಹೋಗುವುದು ಸಣ್ಣ ತಿಂಡಿಗಳಲ್ಲಿ. ‘ಅರಂಚೀನಾ ಅಲ್ ಬುರ್ರೊ’, ಅಂದರೆ ಬೆಣ್ಣೆಯ ಅನ್ನದ ಉಂಡೆ. ಹೆಸರು ಕೇಳಿ ಹಾಯಾಗಿ ತಿನ್ನಬೇಡಿ, ಒಳಗೆ ಸಾಮಾನ್ಯವಾಗಿ ಹಂದಿಮಾಂಸದ ಚೂರಿರುತ್ತದೆ. ಸ್ಫಿಂಚೋನೆ ಎಂಬ ದಪ್ಪ ಪಿಜ್ಜಾದಲ್ಲಿ ಸಣ್ಣ ಮೀನು ಕರಗಿರುತ್ತದೆ. ಕನ್ನೋಲಿಯ ಗರಿಗರಿ ಕೊಳವೆಗೆ ಹಂದಿಕೊಬ್ಬು ಬಳಸುವುದುಂಟು, ಅದರ ಹೆಸರು ಸ್ತ್ರುತ್ತೊ. ಗಟ್ಟಿ ಚೀಸುಗಳಲ್ಲಿ ಹಲವಕ್ಕೆ ಹಾಲು ಒಡೆಸಲು ಕರುವಿನ ಜಠರದ ರೆನೆಟ್ ಹಾಕುತ್ತಾರೆ. ‘ವೆಜಿಟೇರಿಯನ್’ ಎಂದರೆ ಮಾಂಸ ಮಾತ್ರ ಬಿಟ್ಟು ಮೀನು ಹಾಕಿಯಾರು. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ’, ಮಾಂಸವಿಲ್ಲದೆ, ಮೀನಿಲ್ಲದೆ ಎಂದು ಎರಡನ್ನೂ ಹೇಳಿ. ಮೀನು ತಿನ್ನುವವರಿಗೆ ಸಾರ್ಡೀನ್ ಹಾಕಿದ ‘ಪಾಸ್ತಾ ಕೊನ್ ಲೆ ಸಾರ್ದೆ’ ಇದೆ. ಅದು ನಮ್ಮ ಕರಾವಳಿಯ ಬೂತಾಯಿಯ ದಾಯಾದಿ, ಬಿಡಬೇಡಿ.

ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟು ಸೇರಿಸಿದ್ದರೆ ಜಗಳಕ್ಕೆ ನಿಲ್ಲಬೇಡಿ. ಮೇಜು, ಬ್ರೆಡ್ಡಿನ ಶುಲ್ಕ ಅದು, ಮೆನುವಿನಲ್ಲೇ ಬರೆದಿರುತ್ತದೆ. ಕಾಫಿ ನಿಂತು ಕುಡಿದರೆ ಒಂದು ಬೆಲೆ, ಚೌಕದ ಕುರ್ಚಿಯಲ್ಲಿ ಕೂತರೆ ಇನ್ನೊಂದು. ಮಾರನೆಯ ಬೆಳಗಿನ ತಿಂಡಿಗೆ ಬಾದಾಮಿ ಗ್ರನೀತಾ ಹೇಳಿ, ಅಂದರೆ ಪುಡಿ ಮಂಜಿನಂಥ ತಂಪು. ಅದಕ್ಕೆ ನೆಂಚಿಕೊಳ್ಳಲು ‘ಬ್ರಿಯೋಶ್ ಕೊಲ್ ತುಪ್ಪೊ’. ತುಪ್ಪೊ ಎಂದರೆ ತುಪ್ಪವಲ್ಲ, ತುರುಬು. ಬನ್ನಿನ ತಲೆಯ ಮೇಲೆ ನಿಜಕ್ಕೂ ಒಂದು ತುರುಬು ಇರುತ್ತದೆ.

ಹಂತ 6: ಉರಿಬಿಸಿಲಿಗೆ ಮ್ಯೂಸಿಯಂ

ಚರ್ಚಿನ ಎದುರಿನ ಗಲ್ಲಿಯಲ್ಲಿ ಮಂದ್ರಲಿಸ್ಕಾ ಮ್ಯೂಸಿಯಂ ಇದೆ. ಎನ್ರಿಕೊ ಪಿರೈನೊ ಎಂಬ ಹತ್ತೊಂಬತ್ತನೇ ಶತಮಾನದ ಬ್ಯಾರನ್ ಕೂಡಿಟ್ಟ ಸಂಗ್ರಹ. ಶಂಖ, ಚಿಪ್ಪುಗಳೇ ಸಾವಿರಾರು. ಅವನ್ನು ದಾಟಿ ಎರಡೇ ವಸ್ತುಗಳ ಮುಂದೆ ನಿಲ್ಲಿ. ಒಂದು, ಕ್ರಿ.ಪೂ. ನಾಲ್ಕನೇ ಶತಮಾನದ ಮಣ್ಣಿನ ಪಾತ್ರೆ. ಅದರ ಮೇಲಿನ ಚಿತ್ರದಲ್ಲಿ ಮೀನು ಕತ್ತರಿಸುವವನೂ ಗಿರಾಕಿಯೂ ಚೌಕಾಸಿಯಲ್ಲಿದ್ದಾರೆ. ಎರಡು, ಅಂತೊನೆಲ್ಲೊ ದ ಮೆಸ್ಸೀನಾ ಹದಿನೈದನೇ ಶತಮಾನದಲ್ಲಿ ಬರೆದ ಅಪರಿಚಿತನ ಮುಖಚಿತ್ರ. ಸುಮಾರು ಒಂದಡಿ ಎತ್ತರದ ಹಲಗೆ. ನಿಮ್ಮ ಗುಟ್ಟು ಗೊತ್ತಿರುವವನಂತೆ ತುಟಿಯಂಚಿನಲ್ಲಿ ನಗುತ್ತಾನೆ. ಲಿಪಾರಿ ದ್ವೀಪದ ಔಷಧದಂಗಡಿಯಲ್ಲಿ ಇದು ಕಪಾಟಿನ ಬಾಗಿಲಾಗಿತ್ತಂತೆ, ಆ ನಗೆ ತಡೆಯಲಾರದೆ ಅಂಗಡಿಯವನ ಮಗಳು ಮುಖಕ್ಕೆ ಗೀರಿದಳಂತೆ. ಅಂತೆಕಂತೆ ಇರಬಹುದು, ಆದರೆ ಆ ನಗೆಯ ಮುಂದೆ ಎರಡು ನಿಮಿಷ ನಿಂತರೆ ಹುಡುಗಿಯ ಸಿಟ್ಟು ಅರ್ಥವಾಗುತ್ತದೆ.

ಹಂತ 7: ಬಿಸಿಲು ಇಳಿದಾಗ ಬಟ್ಟೆ ಒಗೆಯುವ ಕಟ್ಟೆ, ಹಳೇ ಬಂದರು, ಕಡಲು

ನಾಲ್ಕೂವರೆಗೆ ವಿಯಾ ವಿತ್ತೋರಿಯೊ ಎಮನುವೆಲೆ ರಸ್ತೆಗೆ ಬನ್ನಿ. ರಸ್ತೆಯ ಪಕ್ಕ ಬಾಗಿದ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ಬೆಟ್ಟದಿಂದ ಊರಿನಡಿ ಹರಿದು ಬರುವ ಚೆಫಲೀನೊ ಹೊಳೆ ಇಲ್ಲಿ 22 ಕಬ್ಬಿಣದ ಬಾಯಿಗಳಿಂದ ಧುಮುಕುತ್ತದೆ. ಅವುಗಳಲ್ಲಿ 15 ಸಿಂಹಮುಖ. ಕಲ್ಲಿನ ತೊಟ್ಟಿಗಳ ಅಂಚು ಬಟ್ಟೆ ಉಜ್ಜಿ ಉಜ್ಜಿ ಸವೆದಿದೆ. ಇದು ಮಧ್ಯಕಾಲದ ಅಗಸರ ಕಟ್ಟೆ. ಬೆಳ್ಳಿಗಿಂತ ಶುದ್ಧ, ಹಿಮಕ್ಕಿಂತ ತಣ್ಣಗೆ ಎಂದು ಹೊಳೆಯನ್ನು ಹೊಗಳಿದ ಕಲ್ಲುಬರಹ ದ್ವಾರದಲ್ಲಿದೆ. ಬೇಸಿಗೆಯಲ್ಲಿ ಕೈ ಅದ್ದಿ ನೋಡಿ, ಹೊಗಳಿದ್ದು ಸುಳ್ಳಲ್ಲ. ಕೆಳಗಿನ ಮೆಟ್ಟಿಲು ಪಾಚಿಯಾಗಿರುತ್ತದೆ, ಹುಷಾರು.

ಅದೇ ರಸ್ತೆಯಲ್ಲಿ ಮುಂದೆ ಪೋರ್ತಾ ಪೆಸ್ಕಾರಾ, ಹಳೇ ಕೋಟೆಯ ಬಾಗಿಲು. ಕಮಾನಿನ ಚೌಕಟ್ಟಿನೊಳಗೆ ಸೀದಾ ಕಡಲು ಕಾಣುತ್ತದೆ. ದಾಟಿ ಹಳೇ ಬಂದರಿನ ಕಟ್ಟೆಯ ತುದಿಗೆ ಹೋಗಿ ತಿರುಗಿ ನಿಂತರೆ, ನೀರಿನಿಂದಲೇ ಎದ್ದ ಮನೆಗಳ ಸಾಲು, ಮೇಲೆ ಗೋಪುರ, ಅದರ ಮೇಲೆ ರೊಕ್ಕಾ. ಊರಿನ ಪೋಸ್ಟ್‌ಕಾರ್ಡುಗಳೆಲ್ಲ ಹುಟ್ಟಿದ್ದು ಇಲ್ಲಿ.

ಈಗ ಈಜು. ಮರಳ ತೀರ ಹಳೇ ಊರಿಗೆ ಅಂಟಿಕೊಂಡೇ ಪಶ್ಚಿಮಕ್ಕೆ ಚಾಚಿದೆ. ಕೊಡೆ, ಒರಗು ಕುರ್ಚಿ ಸಾಲಾಗಿ ಹಾಕಿದ್ದರೆ ಅದು ‘ಲಿದೊ’, ದುಡ್ಡು ಕೊಡಬೇಕು. ‘ಸ್ಪಿಯಾಜಾ ಲೀಬೆರಾ’ ಎಂದಿದ್ದರೆ ಎಲ್ಲರದು, ಸ್ವಂತ ಟವಲ್ ಹಾಸಿ. ಮೆಡಿಟರೇನಿಯನ್ನಿನಲ್ಲಿ ನಮ್ಮ ಅರಬ್ಬಿ ಕಡಲಿನಂತೆ ಉಬ್ಬರ ಇಳಿತ ಕಾಣದು, ದಡದ ಹತ್ತಿರ ಆಳವೂ ಕಡಿಮೆ. ಹಾಗೆಂದು ಮೈಮರೆಯಬೇಡಿ. ವಾಯವ್ಯದಿಂದ ಮಾಯೆಸ್ತ್ರಾಲೆ ಗಾಳಿ ಬೀಸಿದ ದಿನ ಅಲೆಗಳು ನೇರ ಈ ದಡಕ್ಕೇ ಅಪ್ಪಳಿಸುತ್ತವೆ. ಕೆಂಪು ಬಾವುಟವಿದ್ದರೆ ಇಳಿಯಬೇಡಿ. ಯಾರಾದರೂ ‘ಮೆದೂಸೆ’ ಎಂದು ಕೂಗಿದರೆ ಜೆಲ್ಲಿಫಿಶ್ ಬಂದಿದೆ ಎಂದರ್ಥ, ಹೊರಗೆ ಬನ್ನಿ. ಬಟ್ಟೆ ಬದಲಿಸದೆ ಈಜುಡುಗೆಯಲ್ಲೇ ಗಲ್ಲಿಗಳಿಗೆ ಹೋಗುವುದು ಊರಿನವರಿಗೆ ಇಷ್ಟವಾಗದು.

ಸೂರ್ಯ ಮುಳುಗುವುದನ್ನು ಈ ಮರಳಿನ ಮೇಲೆ ಕೂತೇ ನೋಡಿ. ಪಲೆರ್ಮೊದಿಂದ ಅರ್ಧ ದಿನಕ್ಕೆ ಬಂದವರು ಆ ಹೊತ್ತಿಗೆ ರೈಲಿನಲ್ಲಿರುತ್ತಾರೆ. ಆಮೇಲೆ ಊರಿನ ಮಂದಿ ಮುದುಕರು, ಮಕ್ಕಳ ಸಮೇತ ಕೊರ್ಸೊ ರುಜೇರೊ ಬೀದಿಯಲ್ಲಿ ಸುಮ್ಮನೆ ಆ ಕಡೆಗೂ ಈ ಕಡೆಗೂ ನಡೆಯುತ್ತಾರೆ. ಅದಕ್ಕೆ ಪಸ್ಸೆಜಾತಾ ಎಂದು ಹೆಸರು, ಟಿಕೆಟ್ ಇಲ್ಲ.

ಹಂತ 8: ಎರಡನೆಯ ದಿನವಿದ್ದರೆ

ಬಸ್ಸಿನಲ್ಲಿ ಮದೊನಿಯೆ ಬೆಟ್ಟಸಾಲಿನ ಕಸ್ತೆಲ್‌ಬುವೊನೊ ಊರಿಗೆ ಹೋಗಿ. ಭಾನುವಾರ ಬಸ್ಸು ತೀರಾ ಕಡಿಮೆ, ವಾಪಸಿನ ಹೊತ್ತು ಹತ್ತುವಾಗಲೇ ಚಾಲಕನನ್ನು ಕೇಳಿಕೊಳ್ಳಿ. ಹದಿನಾಲ್ಕನೇ ಶತಮಾನದ ಕೋಟೆಯಿದೆ, ಅದಕ್ಕಿಂತ ಕುತೂಹಲದ್ದು ಮನ್ನಾ. ಬೇಸಿಗೆಯಲ್ಲಿ ಆಶ್ ಎಂಬ ಜಾತಿಯ ಮರದ ತೊಗಟೆಗೆ ಕಚ್ಚು ಹಾಕುತ್ತಾರೆ, ಒಸರಿದ ರಸ ಬಿಸಿಲಿಗೆ ಬಿಳಿಯ ಕೋಲಿನಂತೆ ಗಟ್ಟಿಯಾಗುತ್ತದೆ. ಈ ಕೆಲಸ ಈಗಲೂ ಉಳಿದಿರುವುದು ಇಲ್ಲಿ ಮತ್ತು ಪಕ್ಕದ ಪೊಲ್ಲೀನಾದಲ್ಲಿ. ಅಂಗಡಿಯವರು ಚೂರು ಮುರಿದು ಕೈಗೆ ಕೊಡುತ್ತಾರೆ. ಹಿತವಾದ ಸಿಹಿ, ಇನ್ನೊಂದು ಚೂರು ಕೇಳಬೇಕೆನಿಸುತ್ತದೆ. ಕೇಳಬೇಡಿ. ಔಷಧದಂಗಡಿಗಳಲ್ಲಿ ಇದನ್ನು ಮಾರುತ್ತಿದ್ದುದು ಹೊಟ್ಟೆ ಸಡಿಲವಾಗಲಿ ಎಂದು, ಮತ್ತು ನಿಮಗೆ ತಿರುವು ತಿರುವಿನ ಬೆಟ್ಟದ ದಾರಿಯಲ್ಲಿ ಬಸ್ಸಿನ ಪ್ರಯಾಣ ಇನ್ನೂ ಬಾಕಿಯಿದೆ.